ಅಕ್ಕಿ ಗಿರಣಿಯ ಗೋದಾಮಿನಲ್ಲಿ ಒಂದು ಮಳೆಗಾಲ

ಮಲೆನಾಡಿನ ಮಳೆಗಾಲದಲ್ಲಿ ಮನೆಯಲ್ಲಿದ್ದುಕೊಂಡು ವೇಗದ ಬೌಲರ್ ತಯಾರಾಗುವುದು ಆಗದ ಮಾತು ಎಂದು ನನಗೆ ಹೇಳದವರಿಲ್ಲ. ಕ್ಲಬ್ಬಿನ ನಾಯಕ ಹೇಳಿದ, ಟ್ರೇನರ್ ಹೇಳಿದರು, ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ ನಮ್ಮ ಚಿಕ್ಕಪ್ಪನೂ ಹೇಳಿದರು. ಕಳೆದ ಋತುವನ್ನು ಅಕ್ಟೋಬರ್‌ನಿಂದ ಕೊನೆಯವರೆಗೆ ಫಿಸಿಯೊ ಮೇಜಿನ ಮೇಲೆ ಮಲಗದೆ ಮುಗಿಸಿದ ಮೇಲೆ ಅದೇ ಮಂದಿ ಈಗ ಫೋನ್ ಮಾಡಿ, ಏನು ಮಾಡಿದೆ ಎಂದು ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಒಮ್ಮೆ ಬರೆದುಬಿಡುತ್ತೇನೆ.

ಮೊದಲು ನನ್ನ ಕ್ರಮವೂ ಎಲ್ಲರಂತೆಯೇ ಇತ್ತು. ಲೀಗ್ ಮುಗಿದರೆ ಜೂನ್ ಪೂರ್ತಿ ಚೆಂಡು ಮುಟ್ಟುವುದಿಲ್ಲ, ಜಿಮ್ ಮತ್ತು ಓಟ ಮಾತ್ರ. ಜುಲೈ ಕೊನೆಗೆ ಬೆಂಗಳೂರಿಗೆ ಹೋಗಿ ಪಿಜಿ ಹಿಡಿಯುವುದು, ರಾಜ್ಯ ಕ್ರಿಕೆಟ್ ಸಂಸ್ಥೆಯ ತಿಮ್ಮಪ್ಪಯ್ಯ ಸ್ಮಾರಕ ಟೂರ್ನಿಯ ಹೊತ್ತಿಗೆ ಬೆಂಗಳೂರಿನ ಹೊರವಲಯದ ಆಲೂರು ಮೈದಾನದಲ್ಲಿ ಒಮ್ಮೆಲೇ ದಿನಕ್ಕೆ ಹದಿನೈದು ಹದಿನೆಂಟು ಓವರ್ ಹಾಕುವುದು. ಆಯ್ಕೆದಾರರು ನೋಡುತ್ತಿರುವಾಗ, ಇವತ್ತಿಗೆ ಸಾಕು ಎನ್ನುವ ಬೌಲರ್ ಇನ್ನೂ ಹುಟ್ಟಿಲ್ಲ. ಒಂದು ವರ್ಷ ಎಡಪಕ್ಕೆಯ ಸ್ನಾಯು ಹರಿಯಿತು. ಮರುವರ್ಷ ಸೊಂಟದ ಮೇಲೆ, ಅದೇ ಎಡಬದಿಯಲ್ಲಿ, ಬೆನ್ನು ಹಿಡಿಯಿತು. ಬಲಗೈ ವೇಗಿಗಳಿಗೆ ಆ ಜಾಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ವಿಚಿತ್ರವೆಂದರೆ ಎರಡೂ ವರ್ಷ ಯೊ-ಯೊ ಎಂಬ ಓಟದ ಫಿಟ್‌ನೆಸ್ ಪರೀಕ್ಷೆಯಲ್ಲಿ ತಂಡದ ಮೊದಲ ನಾಲ್ಕೈದು ಮಂದಿಯಲ್ಲಿ ನಾನಿದ್ದೆ. ಇಪ್ಪತ್ತು ಮೀಟರ್ ಹೋಗಿ ಬರುವ ಶಕ್ತಿ ಒಂದು, ಮುಂಗಾಲು ಊರಿ ಮೈ ತಿರುಗಿಸುವಾಗಿನ ಏಟು ತಡೆಯುವ ಶಕ್ತಿ ಇನ್ನೊಂದು. ಎರಡನೆಯದು ಬೌಲಿಂಗ್ ಮಾಡಿದರೆ ಮಾತ್ರ ಬರುತ್ತದೆ.

ದುಡ್ಡಿನ ಲೆಕ್ಕ ಹೇಳುತ್ತೇನೆ, ಏಕೆಂದರೆ ನನ್ನನ್ನು ಎಬ್ಬಿಸಿದ್ದು ಅದೇ. ಇಪ್ಪತ್ತು ರಣಜಿ ಪಂದ್ಯದೊಳಗಿನ ನನ್ನಂಥವರಿಗೆ ದಿನಕ್ಕೆ 40,000, ಬೆಂಚಿನಲ್ಲಿ ಕುಳಿತರೆ ಅದರ ಅರ್ಧ. ನಾಲ್ಕು ದಿನದ ಒಂದು ಪಂದ್ಯವೆಂದರೆ 1.6 ಲಕ್ಷ. ಪಕ್ಕೆ ಹರಿದು ಎರಡು ಪಂದ್ಯ ತಪ್ಪಿದರೆ 3.2 ಲಕ್ಷ ಹೋಯಿತು, ಮತ್ತೆ ಜಾಗ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ನಮ್ಮ ರಾಜ್ಯದಲ್ಲಿ ವೇಗಿಗಳ ಸಾಲು ಯಾವಾಗಲೂ ಉದ್ದ. ಶ್ರೀನಾಥ್, ಪ್ರಸಾದ್, ದೊಡ್ಡ ಗಣೇಶ್ ಕಾಲದಿಂದಲೂ ಹಾಗೆಯೇ. ಮೂರನೆಯ ಬೌಲರ್ ಕೆಮ್ಮಿದರೂ ಹಿಂದೆ ನಾಲ್ವರು ಬೂಟಿನ ಲೇಸು ಬಿಗಿಯುತ್ತಾರೆ.

ನಮ್ಮೂರು ತೀರ್ಥಹಳ್ಳಿಯ ಕಡೆ. ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಬಯಲಿನಲ್ಲಿ ಆಟದ ಮಾತೇ ಇಲ್ಲ. ಶಿವಮೊಗ್ಗದ ನವುಲೆ ಮೈದಾನಕ್ಕೆ ಹೋದರೂ ಹೊದಿಕೆ ತೆಗೆಯುವಷ್ಟರಲ್ಲಿ ಮತ್ತೆ ಮಳೆ. ಊರಿನಲ್ಲಿ ಸಂಬಂಧಿಕರೊಬ್ಬರ ಅಕ್ಕಿ ಗಿರಣಿ ನಿಂತುಹೋಗಿತ್ತು, ಗೋದಾಮು ಖಾಲಿ ಬಿದ್ದಿತ್ತು. ಉದ್ದ ಸುಮಾರು 120 ಅಡಿ. ಪಿಚ್ಚಿಗೆ 66, ಹಿಂದೆ ಬಲೆ ಕಟ್ಟಲು ಎಂಟು ಹತ್ತು ಅಡಿ ಬಿಟ್ಟರೆ ಓಟಕ್ಕೆ ಉಳಿಯುವುದು ಕಡಿಮೆಯೇ. ದೊಡ್ಡ ಬಾಗಿಲು ತೆಗೆದರೆ ಮೂಟೆ ಇಳಿಸುವ ಜಗಲಿ ಅದೇ ಮಟ್ಟದಲ್ಲಿದೆ, ಅದಕ್ಕೂ ಮಾಡು ಇದೆ. ಅಲ್ಲಿಂದ ಓಡಿದರೆ ನನ್ನ ಪೂರ್ಣ ಓಟಕ್ಕಿಂತ ಎರಡು ಹೆಜ್ಜೆ ಮಾತ್ರ ಕೊರತೆ. ಬಾಡಿಗೆ ತಿಂಗಳಿಗೆ ನಾಲ್ಕು ಸಾವಿರಕ್ಕೆ ಒಪ್ಪಿದರು. ಸಂಬಂಧಿಕರೆಂದು ಬಿಟ್ಟಿ ಕೊಡಲಿಲ್ಲ, ನಾನೂ ಕೇಳಲಿಲ್ಲ.

ತಾಲ್ಲೂಕಿನ ಕ್ಲಬ್ಬೊಂದರಿಂದ ಹಳೆಯ ತೆಂಗಿನ ನಾರಿನ ಮ್ಯಾಟನ್ನು ಎಂಟು ಸಾವಿರಕ್ಕೆ ತಂದು ಹಾಸಿದೆ. ಪಿಚ್ಚಿಗೆ ಅದು ಸಾಕು. ಸಮಸ್ಯೆ ಇದ್ದದ್ದು ಓಟದ ಹಾದಿ ಮತ್ತು ಕಾಲು ಊರುವ ಜಾಗ. ಸಿಮೆಂಟು ನೆಲದ ಮೇಲೆ ವಾರ ಕಳೆಯುವಷ್ಟರಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಉರಿಯತೊಡಗಿತು. ಜೂಟಿನ ಚೀಲ ನಾಲ್ಕು ಪದರ ಹಾಸಿದರೆ ಜಾರಿತು. ಜಿಮ್ಮಿಗೆ ಹಾಕುವ ರಬ್ಬರ್ ಹಾಸಿನ ಬೆಲೆ ವಿಚಾರಿಸಿದರೆ ಬೆಂಗಳೂರಿನ ಅಂಗಡಿಯವರು ಹೇಳಿದ ಮೊತ್ತಕ್ಕೆ ಒಂದು ಹಳೆಯ ಬೈಕ್ ಬರುತ್ತಿತ್ತು. ಆಗ ಹೊಳೆದದ್ದು ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್. ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ, ಹಸುವಿನ ಭಾರ ತಡೆಯುವ ಗಟ್ಟಿತನ, ಒಂದಕ್ಕೆ ಎರಡು ಸಾವಿರದ ಮೇಲೆ ಚಿಲ್ಲರೆ. ಹದಿಮೂರೋ ಹದಿನಾಲ್ಕೋ ತಂದೆ. ಚಿಕ್ಕಪ್ಪ ನೋಡಿ, "ಹಸುಗಳಿಗೇ ಇನ್ನೂ ಹಾಕಿಸಿಲ್ಲ, ನಿನಗೆ ಬೇಕಾಯಿತೇ ಮಾರಾಯ?" ಎಂದರು. ಮುಂಗಾಲು ಬೀಳುವಲ್ಲಿ ಎರಡು ಪದರ ಹಾಕಿದ ಮೇಲೆ ಮೂಳೆಯ ಉರಿ ಹತ್ತು ದಿನದಲ್ಲಿ ಇಳಿಯಿತು. ಬಲೆ, ದೀಪ, ಚೆಂಡು, ನಾಲ್ಕು ತಿಂಗಳ ಬಾಡಿಗೆ ಎಲ್ಲ ಸೇರಿ ಒಟ್ಟು ಖರ್ಚು ತೊಂಬತ್ತು ಸಾವಿರದ ಆಸುಪಾಸು. ಮೇಲಿನ ಲೆಕ್ಕಕ್ಕೆ ಹೋಲಿಸಿ ನೋಡಿ.

ಸ್ಪೈಕ್ಸ್, ಅಂದರೆ ಮೊಳೆ ತಳದ ಬೂಟು, ಹಾಕಿದರೆ ಮ್ಯಾಟ್ ಹರಿದುಹೋಗುತ್ತದೆ, ರಬ್ಬರ್ ತಳದ ಬೂಟು ತೇವಕ್ಕೆ ಜಾರುತ್ತದೆ. ಜಾರುವುದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೇನೆ, ಖರ್ಚು ಇಪ್ಪತ್ತು ರೂಪಾಯಿಯೂ ಇಲ್ಲ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ನನ್ನ ವಲಯದಲ್ಲೇ ಇಬ್ಬರು ವೇಗಿಗಳು ಇದನ್ನು ಓದುತ್ತಾರೆ. ನಾನು ಎಣಿಸದೇ ಇದ್ದ ತೊಂದರೆ ಶಬ್ದದ್ದು. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ನನ್ನ ಹೆಜ್ಜೆಯ ಸದ್ದು ನನಗೇ ಕೇಳುವುದಿಲ್ಲ. ಓಟದ ಲಯವನ್ನು ನಾವು ಎಷ್ಟೊಂದು ಕಿವಿಯಿಂದಲೇ ಹಿಡಿಯುತ್ತೇವೆ ಎಂಬುದು ಅಲ್ಲಿಯವರೆಗೆ ಅರಿವಿಗೆ ಬಂದಿರಲಿಲ್ಲ. ಜೋರು ಮಳೆಯ ದಿನ ನೋಬಾಲ್ ಮೇಲೆ ನೋಬಾಲ್. ಅದಕ್ಕೂ ಒಗ್ಗಿಕೊಂಡ ಮೇಲೆ ಋತುವಿನಲ್ಲಿ ನನ್ನ ನೋಬಾಲ್ ಎರಡೋ ಮೂರೋ ಇದ್ದಿರಬೇಕು, ಅಷ್ಟೇ.

ಎಸೆತಗಳ ಲೆಕ್ಕವೇ ಇಡೀ ಕೆಲಸದ ತಿರುಳು. ಲೀಗ್ ಮುಗಿದ ಮೇಲೆ ವಾರ ಹತ್ತು ದಿನ ಪೂರ್ತಿ ಬಿಡುವು, ಅದಕ್ಕಿಂತ ಹೆಚ್ಚಲ್ಲ. ಜೂನ್‌ನಲ್ಲಿ ವಾರಕ್ಕೆ ಮೂರು ಬಾರಿ, ಒಮ್ಮೆಗೆ ಆರು ಓವರ್, ವೇಗ ಮುಕ್ಕಾಲು ಪಾಲು. ವಾರಕ್ಕೆ ನೂರ ಹತ್ತು ಎಸೆತ ಅಂದುಕೊಳ್ಳಿ. ಅಲ್ಲಿಂದ ವಾರವಾರ ಹತ್ತನೆಯ ಒಂದು ಭಾಗದಷ್ಟು ಏರಿಕೆ, ನಾಲ್ಕನೆಯ ವಾರ ಸ್ವಲ್ಪ ಇಳಿಕೆ. ಆಗಸ್ಟ್ ನಡುವಿಗೆ 230, 240ಕ್ಕೆ ಬರುತ್ತದೆ. ನಾಲ್ಕು ದಿನದ ಪಂದ್ಯದ ಎರಡೂ ಇನಿಂಗ್ಸ್ ಸೇರಿದರೆ ಬೀಳುವ ಹೊರೆ ಹೆಚ್ಚುಕಡಿಮೆ ಅಷ್ಟೇ. ಕೊನೆಯ ಹಂತದಲ್ಲಿ ಬೆಳಿಗ್ಗೆ ಎಂಟು, ಊಟದ ಮೇಲೆ ಆರು, ಸಂಜೆ ನಾಲ್ಕು ಓವರ್. ಮರುದಿನ ಮೈಯೆಲ್ಲ ಬಿಗಿದಿರುವಾಗಲೇ ಮತ್ತೆ ಹತ್ತು. ನನಗೆ ತಿಳಿದಂತೆ ಎಲ್ಲರೂ ಬಿಡುವುದು ಈ ಮರುದಿನದ ಹತ್ತನ್ನೇ.

ಬ್ಯಾಟ್ಸ್‌ಮನ್ ಇಲ್ಲದೆ ಬೌಲಿಂಗ್ ಬೇಸರ ತರಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆಫ್ ಸ್ಟಂಪಿನ ಪಕ್ಕಕ್ಕೆ, ನಾಲ್ಕನೆಯ ಸ್ಟಂಪ್ ಒಂದಿದ್ದರೆ ಇರಬೇಕಾದ ಜಾಗದಲ್ಲಿ ಎರಡು ದಾರ ಇಳಿಬಿಟ್ಟು, ಅದರ ನಡುವೆ ದಾಟಿಸಿದ್ದನ್ನು ಮಾತ್ರ ಎಣಿಸಿದೆ. ಶುರುವಿನಲ್ಲಿ ಆರಕ್ಕೆ ಒಂದು, ಕೊನೆಗೆ ಆರಕ್ಕೆ ಮೂರು. ನಾರಿನ ಮ್ಯಾಟ್ ಚೆಂಡಿನ ಚರ್ಮವನ್ನು ಉಜ್ಜಿ ತಿನ್ನುತ್ತದೆ, ಹಾಗಾಗಿ ಲೀಗಿನ ಹಳೆಯ ಚೆಂಡುಗಳೇ ಸಾಕು. ರಣಜಿಯಲ್ಲಿ ಬಳಸುವ ಹೊಸ ಎಸ್‌ಜಿ ಟೆಸ್ಟ್ ಚೆಂಡು ಸಾವಿರಕ್ಕೆ ಕಡಿಮೆ ಸಿಗುವುದಿಲ್ಲ, ಅದನ್ನು ಗೋದಾಮಿಗೆ ಒಯ್ದರೆ ಪಾಪ ತಟ್ಟುತ್ತದೆ. ಸೀಮ್ (ಚೆಂಡಿನ ಹೊಲಿಗೆ) ಅಲುಗಾಡಿಸುವ ಎಸೆತವನ್ನು ಕಲಿತದ್ದು ಇಲ್ಲಿಯೇ, ಮೊಬೈಲಿನ ನಿಧಾನ ಚಲನೆಯ ವಿಡಿಯೊ ನೋಡಿಕೊಂಡು. ಬೆರಳುಗಳ ಅಂತರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನನಗೆ ಫಲ ಕೊಟ್ಟದ್ದು ಹೆಬ್ಬೆರಳು. ಇಷ್ಟು ಹೇಳಿದ್ದೇ ಹೆಚ್ಚಾಯಿತು.

ನಡುವೆ ಕೆಲವು ಹುಚ್ಚಾಟಗಳೂ ಆದವು. ಮಲೆನಾಡಿನ ಮಳೆಗಾಲದಲ್ಲಿ ಚೆಂಡಿಗೂ ಬೂಷ್ಟು ಹಿಡಿಯುತ್ತದೆ. ಬಟ್ಟೆ ಚೀಲದಲ್ಲಿ ಕಟ್ಟಿ ಬಚ್ಚಲೊಲೆಯ ಮೇಲೆ ತೂಗುಹಾಕಿದೆ. ಬೂಷ್ಟು ಹೋಯಿತು, ಜೊತೆಗೆ ಚರ್ಮ ಸೆಟೆದು ಬಣ್ಣ ಹೊಪ್ಪಳಿಕೆ ಎದ್ದಿತು, ಚೀಲ ತುಂಬ ಹೊಗೆಯ ವಾಸನೆ. ಅಕ್ಕಿ ತುಂಬಿದ ಡಬ್ಬಿಯೊಳಗೆ ಹುದುಗಿಸಿಟ್ಟದ್ದು ಸರಿಹೋಯಿತು. ಅದು ಅಮ್ಮನಿಗೆ ಸರಿಹೋಗಲಿಲ್ಲ. ಭಾರದ ಚೆಂಡು ಎಸೆದರೆ ವೇಗ ಹೆಚ್ಚುತ್ತದೆ ಎಂದು ಒಬ್ಬರು ಹೇಳಿದ್ದರಿಂದ ಜುಲೈನಲ್ಲಿ ಎರಡು ವಾರ ಅದನ್ನೂ ನೋಡಿದೆ. ವೇಗ ಹೆಚ್ಚಲಿಲ್ಲ, ಭುಜ ನೋಯಿತು, ಬಿಟ್ಟೆ. ಲಾಭ ತಂದದ್ದು ಬಕೆಟ್ಟಿನ ಪ್ರಯೋಗ. ಸೀಮಿತ ಓವರಿನ ಪಂದ್ಯಗಳ ಬಿಳಿ ಚೆಂಡನ್ನು ನೀರಿನಲ್ಲಿ ಅದ್ದಿ ತೆಗೆದು ಯಾರ್ಕರ್ ಹಾಕುವುದು. ಇಬ್ಬನಿಗೆ ಚೆಂಡು ಒದ್ದೆಯಾಗುವ ರಾತ್ರಿ ಪಂದ್ಯಗಳಿಗೆ ಅದಕ್ಕಿಂತ ಅಗ್ಗದ ಪಾಠವಿಲ್ಲ.

ಆಗಸ್ಟ್ ಕೊನೆಗೆ ಟರ್ಫಿಗೆ (ಹುಲ್ಲಿನ ಮೈದಾನಕ್ಕೆ) ಇಳಿದಾಗ ಎಣಿಕೆಯನ್ನು ಅರ್ಧಕ್ಕೆ ಇಳಿಸಿದೆ. ಸ್ಪೈಕ್ಸ್ ಹುಲ್ಲುನೆಲ ಕಚ್ಚಿ ಹಿಡಿಯುವಾಗ ಮಂಡಿಗೆ ಬೀಳುವ ಎಳೆತವೇ ಬೇರೆ. ಮೂರು ವಾರ ತೆಗೆದುಕೊಂಡು ಮತ್ತೆ ಮೇಲೇರಿಸಿದೆ. ನಾಯಕ ಮೂಗು ಮುರಿದ, "ಗೋದಾಮಿನಲ್ಲಿ ಅಷ್ಟು ಹಾಕಿದವನು ಇಲ್ಲಿ ಯಾಕೆ ಲೆಕ್ಕ ಹಾಕುತ್ತೀಯ?" ಎಂದ. ಅಕ್ಟೋಬರ್‌ನ ಮೊದಲ ಪಂದ್ಯದಲ್ಲಿ ಮೊದಲ ದಿನ ಇಪ್ಪತ್ತೆರಡು ಓವರ್ ಹಾಕಿ, ಮರುದಿನ ಬೆಳಿಗ್ಗೆ ಹೊಸ ಚೆಂಡು ನನಗೇ ಕೊಡು ಎಂದಾಗ ಅವನು ಏನೂ ಅನ್ನಲಿಲ್ಲ.

ನಿಜವಾದ ಅಪಾಯ ಜನವರಿಯಲ್ಲಿದೆ. ಈಗ ರಣಜಿ ಎರಡು ತುಂಡಾಗಿದೆ. ನಡುವೆ ಸೈಯದ್ ಮುಷ್ತಾಕ್ ಅಲಿ ಟಿ20 ಟೂರ್ನಿಯಲ್ಲಿ ನಾಲ್ಕು ಓವರ್, ವಿಜಯ್ ಹಜಾರೆ ಏಕದಿನ ಟೂರ್ನಿಯಲ್ಲಿ ಹತ್ತು ಓವರ್ ಹಾಕಿ, ಜನವರಿ ಕೊನೆಗೆ ಮತ್ತೆ ದಿನಕ್ಕೆ ಇಪ್ಪತ್ತು. ಜುಲೈ ಆಲಸ್ಯದ ನಂತರದ ಆಲೂರಿನ ಕಥೆಯೇ ಮತ್ತೊಮ್ಮೆ. ಹಾಗಾಗಿ ಬಿಳಿ ಚೆಂಡಿನ ತಿಂಗಳುಗಳಲ್ಲೂ ಪಂದ್ಯವಿಲ್ಲದ ದಿನ ನೆಟ್ಸ್‌ನಲ್ಲಿ ಕೆಂಪು ಚೆಂಡಿನಿಂದ ಎಂಟು ಹತ್ತು ಓವರ್ ಹಾಕಿ ವಾರದ ಲೆಕ್ಕವನ್ನು 170ರ ಕೆಳಗೆ ಇಳಿಯಲು ಬಿಡಲಿಲ್ಲ. ನಮ್ಮ ತಂಡದ ಇಬ್ಬರು ವೇಗಿಗಳು ಫೆಬ್ರವರಿಯಲ್ಲಿ ಪಕ್ಕೆ ಹಿಡಿದುಕೊಂಡು ಹೊರನಡೆದರು. ನಾನು ಕೊನೆಯ ಪಂದ್ಯದ ಎರಡನೆಯ ಇನಿಂಗ್ಸ್‌ನಲ್ಲಿ ನಾಲ್ಕು ವಿಕೆಟ್ ತೆಗೆದೆ.

ಈ ಜೂನ್‌ಗೆ ಜಗಲಿಯನ್ನು ಆರು ಅಡಿ ಮುಂದಕ್ಕೆ ಎಳೆದು ತಗಡು ಹೊದಿಸುತ್ತಿದ್ದೇನೆ, ಓಟ ಪೂರ್ಣವಾಗಲಿ ಎಂದು. ಗಿರಣಿಯವರು ಬಾಡಿಗೆಯನ್ನು ಆರು ಸಾವಿರಕ್ಕೆ ಏರಿಸಿದ್ದಾರೆ. ಕೊಟ್ಟಿಗೆ ಮ್ಯಾಟ್ ಕೊಳ್ಳುವವರು ಹದಿನೈದು ಮಿಲಿಮೀಟರಿಗಿಂತ ತೆಳ್ಳಗಿನದನ್ನು ತರಬೇಡಿ, ಅಂಚು ಮೇಲೇಳುತ್ತದೆ.