ಕೌದಿ ಕಟ್ಟಿ ಪಳಗಿಸಿದ ದನಿ

"ಕೌದಿ ಕಟ್ಟಿದ್ರ ಸ್ಟುಡಿಯೋ ಆಗ್ತದೇನ್ರಿ?" ಅಂದವರಿಗೆ, ಮನೆಯಲ್ಲೇ ಪುಸ್ತಕ ಓದಿ ರೆಕಾರ್ಡ್ ಮಾಡಿದ ಫೈಲೇ ಈಗ ಉತ್ತರ. ಹಳೇ ಹುಬ್ಬಳ್ಳಿಯ ಹತ್ತು-ಹನ್ನೆರಡಡಿ ಕೋಣೆಯಲ್ಲಿ ಓದಿದ್ದು, ಎಡಿಟಿಂಗ್ ಮುಗಿದ ಮೇಲೆ ನಾಯ್ಸ್ ಫ್ಲೋರ್, ಅಂದರೆ ಮಾತಿಲ್ಲದಾಗಲೂ ಉಳಿಯುವ ಹಿನ್ನೆಲೆ ಸದ್ದು, ಮೈನಸ್ 62 ಡಿಬಿ (ಡೆಸಿಬಲ್) ಆಸುಪಾಸು. ಆಡಿಯೋಬುಕ್ಕಿಗೆ ಮೈನಸ್ 60 ಅಥವಾ ಅದಕ್ಕಿಂತ ಕೆಳಗಿದ್ದರೆ ನಡೆಯುತ್ತದೆ.

ಹಾಳಾದ ದುಡ್ಡಿನ ಲೆಕ್ಕ ಮೊದಲು. ಫೋಮ್ ಹಾಳೆಗೆ ಎರಡೂವರೆ ಸಾವಿರ. ಒಂದಿಂಚು ದಪ್ಪದ್ದು ಮೇಲಿನ ಕೀರಲನ್ನಷ್ಟೇ ನುಂಗಿತು. 250 ಹರ್ಟ್ಸ್ ಸುತ್ತಲಿನ ಗುಂಯ್ ಉಳಿದು ದನಿ ಡಬ್ಬಿಯೊಳಗಿಂದ ಬಂದಂತಾಯಿತು. ತತ್ತಿ ಟ್ರೇ ಮಾತಂತೂ ಬ್ಯಾಡ್ರಿ. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿಗೆ ಆರು ಸಾವಿರ ಸುರಿದರೆ ಅದು ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಬಿಡಲಿಲ್ಲ. ಅದನ್ನು ಮಾರಿ, ದೂರದ ಸದ್ದನ್ನು ಅಷ್ಟಾಗಿ ಹಿಡಿಯದ, ಮೂರೂವರೆ ಸಾವಿರದ ಯುಎಸ್‌ಬಿ ಡೈನಾಮಿಕ್ ಮೈಕ್ ತಂದಾಗ ಅರ್ಧ ಕೆಲಸ ಮುಗಿಯಿತು.

ಕೌದಿ ಎಲ್ಲಿ ಕಟ್ಟಬೇಕು ಅನ್ನುವಲ್ಲೇ ಎಲ್ಲರೂ ಎಡವುವುದು. ಮೈಕಿನ ಹಿಂದೆ ಅಲ್ಲ, ಓದುವವನ ಬೆನ್ನ ಹಿಂದೆ. ಕಾರ್ಡಿಯಾಯ್ಡ್ ಮೈಕ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು, ತನ್ನ ಹಿಂಬದಿಯನ್ನು ಹೆಚ್ಚು ಕೇಳುವುದಿಲ್ಲ. ನಿಮ್ಮ ಹೆಗಲ ಮೇಲಿಂದ ಮರಳುವ ಗೋಡೆಯ ಸದ್ದು ನೇರ ಅದರ ಬಾಯಿಗೇ ಬೀಳುತ್ತದೆ. ಮೂಲೆಯಲ್ಲಿ ಎರಡು ಹಗ್ಗ, ಪ್ರತಿ ಹಗ್ಗಕ್ಕೆ ಎರಡು ಪದರ ಕೌದಿ, ಗೋಡೆಯಿಂದ ಒಂದು ಗೇಣು ದೂರ. ಗೋಡೆಗೆ ಅಂಟಿಸಿದರೆ ತಗ್ಗು ದನಿಯ ಗುಂಯ್ ಕೌದಿಯ ಹಿಡಿತಕ್ಕೆ ಸಿಗುವುದಿಲ್ಲ. ಮೇಜಿನ ಮೇಲೆ ಮಡಚಿದ ನವಲಗುಂದ ಜಮಖಾನಿ ಹಾಕಿದರೆ ರಸ್ತೆಯ ಲಾರಿ ನಡುಕ ಮೈಕ್ ಸ್ಟ್ಯಾಂಡಿಗೆ ಅಷ್ಟಾಗಿ ಏರುವುದಿಲ್ಲ.

ಬಾಯಿಂದ ಮೈಕ್ ನಾಲ್ಕು ಬೆರಳು, ಸ್ವಲ್ಪ ಓರೆಯಾಗಿ; ಇಲ್ಲದಿದ್ದರೆ ಪ, ಭ, ಫ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಓದುವಾಗ ಪೀಕ್, ಅಂದರೆ ದನಿಯ ಅತಿ ಜೋರಿನ ಮಟ್ಟ, ಮೈನಸ್ 12ರಿಂದ ಮೈನಸ್ 6 ಡಿಬಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ: ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕರೆಂಟಿನ 50 ಹರ್ಟ್ಸ್ ಗುಂಯ್ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ತಪ್ಪಿದಾಗ ನಿಲ್ಲಿಸದೆ ಚಿಟಿಕೆ ಹೊಡೆದು ವಾಕ್ಯವನ್ನು ಮೊದಲಿಂದ ಓದಿ; ಪರದೆಯ ಮೇಲಿನ ದನಿಯ ಅಲೆಯಲ್ಲಿ (ವೇವ್‌ಫಾರ್ಮ್) ಆ ಚಿಟಿಕೆ ಮುಳ್ಳಿನಂತೆ ಕಾಣುತ್ತದೆ.

ಅಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮೊದಲು 80 ಹರ್ಟ್ಸ್ ಹೈ-ಪಾಸ್, ಅಂದರೆ ಅದಕ್ಕಿಂತ ತಗ್ಗಿನ ಸದ್ದಿಗೆ ಕತ್ತರಿ. ಐದು ಸೆಕೆಂಡ್ ಮೌನದಿಂದ ಹಿನ್ನೆಲೆ ಸದ್ದಿನ ಮಾದರಿ (ಪ್ರೊಫೈಲ್) ತೆಗೆದು ನಾಯ್ಸ್ ರಿಡಕ್ಷನ್ 8 ಡಿಬಿ, ಸಾಕು. 24 ಹಾಕಿದ್ದಕ್ಕೆ ಕೆರೆಯೊಳಗೆ ಕೂತು ಮಾತಾಡಿದಂತೆ ಕೇಳಿತ್ತು. ದನಿ ತಗ್ಗಿದೊಡನೆ ಬಾಗಿಲು ಮುಚ್ಚುವ ನಾಯ್ಸ್ ಗೇಟ್ ಅಂತೂ ಕನ್ನಡಕ್ಕೆ ಶತ್ರು. ನಮ್ಮ ಪದಗಳು ಹೆಚ್ಚಾಗಿ ಮೆತ್ತಗಿನ ಸ್ವರದಲ್ಲಿ ಮುಗಿಯುತ್ತವೆ; 'ಬಂದನು' ಹೋಗಿ 'ಬಂದನ್' ಆಗುತ್ತದೆ. ಜೋರು-ಮೆತ್ತಗಿನ ಅಂತರ ಕುಗ್ಗಿಸುವ ಕಂಪ್ರೆಸರ್ 3:1ರ ಒಳಗೆ, ಕೊನೆಗೆ ಪೀಕ್ ಮೈನಸ್ 3 ಡಿಬಿ.

ಅರಳೆ ಗಾದಿ ನಿಲ್ಲಿಸಿಯೂ ನೋಡಿದ್ದಾಯಿತು. ಕೌದಿಗಿಂತ ಚೆನ್ನ, ಆದರೆ ರಾತ್ರಿ ಮಲಗುವುದೆಲ್ಲಿ? ಸೀರೆ ತುಂಬಿದ ಅಲಮಾರಿಯ ಬಾಗಿಲು ತೆರೆದು ಬೆನ್ನಿಗಿಟ್ಟುಕೊಂಡರೂ ಮುಕ್ಕಾಲು ಫಲ, ಖರ್ಚಿಲ್ಲ. ಹತ್ತು ನಿಮಿಷದ ಓದಿಗೆ ಎಡಿಟಿಂಗ್ ಇನ್ನೂ ಮುಕ್ಕಾಲು ತಾಸು ತಿನ್ನುತ್ತದೆ. ತಗಡಿನ ಮೇಲೆ ಮಳೆ ಬಿದ್ದ ದಿನ ಯಾವ ಕೌದಿಯೂ ನಡೆಯದು. ಆ ದಿನ ಎಡಿಟಿಂಗ್ ಮಾತ್ರ.