ಕಾಡುಕೋಳಿ ಎಣಿಸೋದು ಕಿವಿಯಿಂದ

ಬೂದು ಕಾಡುಕೋಳಿ ಪಶ್ಚಿಮ ಘಟ್ಟದಲ್ಲಿ ಜಾಸ್ತಿ; ದಕ್ಷಿಣ ಭಾರತ ದಾಟಿ ಉತ್ತರಕ್ಕೆ ಗುಜರಾತ್‌ವರೆಗೂ ಇದೆ. ಹುಡುಕಿಕೊಂಡು ಪೊದೆಗೆ ನುಗ್ಗಬೇಡಿ. ಫೆಬ್ರವರಿಯಿಂದ ಮೇ ಒಳಗೆ, ಬೆಳಕು ಹರಿಯುವ ಮುಂಚೆಯೇ ಕಾಡಂಚಿನ ದಾರಿಯಲ್ಲಿ ಸುಮ್ನೆ ನಿಲ್ಲಿ. ಹುಂಜ ಕೂಗಿದ ದಿಕ್ಕು, ಹೊತ್ತು ಎರಡನ್ನೂ ಬರೆದುಕೊಳ್ಳಿ. ಮೊದಲ ವರ್ಷ ನಾನು ದಿಕ್ಕು ಬರೆಯದೆ ಒಂದೇ ಹುಂಜವನ್ನು ಮೂರು ಮಾಡಿದ್ದೆ!

ಹುಂಜದ ಕುತ್ತಿಗೆಯ ಗರಿಗಳ ತುದಿಯಲ್ಲಿ ಮೇಣ ಸುರಿದಂಥ ಹಳದಿ ಚುಕ್ಕೆಗಳಿರುತ್ತವೆ. ಮಳೆಗಾಲದಲ್ಲಿ ಆ ಗರಿ ಉದುರುತ್ತದೆ, ಗುರುತು ಹಿಡಿಯುವುದು ಕಷ್ಟ ಅಲ್ವಾ? ಅದಕ್ಕೇ ಬೇಸಿಗೆ.

ಗೂಡೆಂದರೆ ನೆಲದ ಮೇಲಿನ ಸಣ್ಣ ಗುಳಿ, ತರಗೆಲೆ ಹಾಸು, 4ರಿಂದ 7 ಮೊಟ್ಟೆ. ಹೇಂಟೆಯೊಂದೇ ಸುಮಾರು 21 ದಿನ ಕಾವು ಕೂರುತ್ತದೆ. ಕಂಡರೆ ಮುಟ್ಟದೆ ಹಿಂದೆ ಸರಿಯಿರಿ.