ಕಿರುಬೆರಳು ಕೇಳಿ ಕೀಬೋರ್ಡ್ ಕೊಳ್ಳಿ

ಶಿವಮೊಗ್ಗದ ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಗೆ ಹೋಗಿ 'ಕೈ ನೋಯದಂಥ ಕೀಬೋರ್ಡ್ ಕೊಡಿ' ಅಂದರೆ, ಮೊದಲು ಬಣ್ಣಬಣ್ಣದ ಲೈಟ್ ಇರುವುದನ್ನೇ ತೆಗೆದಿಡುತ್ತಾರೆ. ಲೈಟಿಗೂ ಕೈನೋವಿಗೂ ಏನೂ ಸಂಬಂಧವಿಲ್ಲ ಮಾರಾಯ್ರೆ.

ಅಂಗಡಿಗೆ ಹೋಗುವ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ. ಈಗಿರುವ ಕೀಬೋರ್ಡನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ಎರಡು ಪುಟ್ಟ ಕಾಲುಗಳಿರುತ್ತವೆ. ಅವನ್ನು ಬಿಡಿಸಿ ಇಟ್ಟರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ನೋವು ಶುರುವಾಗುವುದು ಅಲ್ಲೇ. ಮಡಚಿಬಿಡಿ. ಮೇಜು ಎತ್ತರವಾಗಿದ್ದರೆ ಕುರ್ಚಿಗೊಂದು ದಿಂಬು ಹಾಕಿ, ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರಲಿ. ಒಂದು ವಾರ ಹೀಗೆ ನೋಡಿ. ಕೆಲವರಿಗೆ ಇಷ್ಟೇ ಸಾಕಾಗುತ್ತದೆ. ರಾತ್ರಿ ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ.

ಇನ್ನು, ನೀವು ದಿನವಿಡೀ ಟೈಪ್ ಮಾಡುವುದು ಏನನ್ನು? ಕನ್ನಡವಾದರೆ ಲೆಕ್ಕವೇ ಬೇರೆ. ಕೆ.ಪಿ. ರಾವ್ ರೂಪಿಸಿದ, 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಬಳಸುವ ಕೀ ವಿನ್ಯಾಸವನ್ನೇ ನೋಡಿ. ದೀರ್ಘಕ್ಕೆ ಶಿಫ್ಟ್ ಬೇಕು, ಮಹಾಪ್ರಾಣಕ್ಕೆ ಶಿಫ್ಟ್ ಬೇಕು, ಒತ್ತಕ್ಷರಕ್ಕೆ ಎಫ್ ಬೇಕು. 'ಭದ್ರಾವತಿ' ಅಂತ ಬರೆಯಿರಿ: 'ಭ'ಕ್ಕೊಂದು ಶಿಫ್ಟ್, ದ್ರಾ ಅನ್ನುವಲ್ಲಿ ಒಂದು ಎಫ್, ಅದರ ದೀರ್ಘಕ್ಕೆ ಮತ್ತೊಂದು ಶಿಫ್ಟ್. ಊರಿನ ಹೆಸರೊಂದಕ್ಕೇ ಇಷ್ಟು. ದಿನಕ್ಕೆ ಹತ್ತು ಕ್ರಯಪತ್ರ, ನಾಲ್ಕು ಲಗ್ನಪತ್ರಿಕೆ ಹೊಡೆಯುವವರ ಕಿರುಬೆರಳಿನ ಗತಿ ಏನಾಗಬೇಡ!

ಭದ್ರಾವತಿಯ ಆ ಎರಡು ಶಿಫ್ಟ್‌ಗಳ ಜೊತೆ ಒತ್ತುವ ಬಿ ಮತ್ತು ಎ ಎರಡೂ ಎಡಗೈ ಕೀಗಳು. ಅಂದರೆ ಬಲಗಡೆಯ ಶಿಫ್ಟ್ ಒತ್ತಬೇಕು. ನಮ್ಮಲ್ಲಿ ಜಾಸ್ತಿ ಜನ ಎಡಗೈಯಲ್ಲೇ ಎರಡನ್ನೂ ಒತ್ತಿ ಕೈ ತಿರುಚಿಕೊಳ್ಳುತ್ತಾರೆ. ಹಾಗಾಗಿ ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಬಲಗಡೆಯ ಶಿಫ್ಟ್ ಎಷ್ಟು ಉದ್ದವಿದೆ ಅಂತ. ಕೆಲವು ಪುಟಾಣಿ ಕೀಬೋರ್ಡ್‌ಗಳಲ್ಲಿ ಅದನ್ನು ಮೊಟಕು ಮಾಡಿರುತ್ತಾರೆ. ಸ್ಕ್ರೋಲ್ ಲಾಕ್ ಅನ್ನುವ ಕೀ ಇದೆಯೇ ಅಂತಲೂ ನೋಡಿ. ನುಡಿಯಲ್ಲಿ ಕನ್ನಡ, ಇಂಗ್ಲಿಷ್ ಬದಲಿಸಲು ಅದೇ ಬೇಕು.

ಆಕಾರದ ವಿಷಯ. ನೇರ ಕೀಬೋರ್ಡಿನ ಮೇಲೆ ಎರಡೂ ಕೈ ಒಳಗೆ ತಂದಾಗ ಮಣಿಕಟ್ಟು ಹೊರಕ್ಕೆ ಸೊಟ್ಟಗಾಗುತ್ತದೆ. ನಡುವೆ ಜಾಗ ಬಿಟ್ಟುಕೊಂಡ, ಬಾಗಿದ ಕೀಬೋರ್ಡ್ ಇದನ್ನು ತಪ್ಪಿಸುತ್ತದೆ. ಮೈಕ್ರೋಸಾಫ್ಟ್ 1994ರಲ್ಲೇ ಇಂಥದ್ದೊಂದನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಪೂರ್ತಿ ಎರಡು ತುಂಡಾಗಿರುವುದೂ ಸಿಗುತ್ತದೆ. ಭುಜದಗಲಕ್ಕೆ ಸರಿಸಿಟ್ಟುಕೊಳ್ಳಬಹುದು. ಇಂಥ ಕೆಲವು ಮಾದರಿಗಳಲ್ಲಿ ಶಿಫ್ಟನ್ನು ಹೆಬ್ಬೆರಳಿಗೆ ವರ್ಗಾಯಿಸಬಹುದು. ಕನ್ನಡಕ್ಕೆ ಇದರಷ್ಟು ಉಪಕಾರಿ ಬೇರೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಮೊದಲ ಒಂದೆರಡು ವಾರ ಕೈ ತಡವರಿಸುತ್ತದೆ. ಅಡಿಕೆ ಮಂಡಿಯ ಲೆಕ್ಕ ಮುಗಿಸಬೇಕಾದ ಮಾರ್ಚ್ ಕೊನೆಯಲ್ಲಂತೂ ಶುರು ಮಾಡಬೇಡಿ.

ಬಲತುದಿಯ ಸಂಖ್ಯೆ ಕೀಗಳ ಗುಂಪು ಮೌಸನ್ನು ದೂರ ತಳ್ಳಿ ಭುಜ ನೋಯಿಸುತ್ತದೆ. ಪೂರ್ತಿ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ 104 ಕೀಗಳು, ಸಂಖ್ಯೆ ಗುಂಪಿಲ್ಲದ್ದರಲ್ಲಿ 87. ಸರ್ವೆ ನಂಬರ್, ಲೆಕ್ಕ ಜಾಸ್ತಿ ಇರುವವರು 87ರದ್ದನ್ನು ಕೊಂಡು, ಸಂಖ್ಯೆಗೆ ಬೇರೆಯೇ ಪುಟ್ಟ ಪ್ಯಾಡ್ ಇಟ್ಟುಕೊಳ್ಳಲಿ.

ಒತ್ತಿ ನೋಡದೆ ಕೊಳ್ಳಬೇಡಿ. ಎಫ್ ಅನ್ನು ಇಪ್ಪತ್ತು ಸಲ, ಬಲ ಶಿಫ್ಟನ್ನು ಕಿರುಬೆರಳಲ್ಲಿ ಇಪ್ಪತ್ತು ಸಲ ಒತ್ತಿ. ಪ್ರತಿ ಕೀಗೂ ಬೇರೆ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡ್‌ಗಳಲ್ಲಿ ಕೆಂಪು ಸ್ವಿಚ್ ಮೆತ್ತಗೆ, ಸದ್ದೂ ಕಡಿಮೆ. ನೀಲಿಯದ್ದು ಕಟಕಟ ಅನ್ನುತ್ತದೆ, ಪಕ್ಕದ ಮೇಜಿನವರು ಜಗಳಕ್ಕೇ ಬಂದಾರು.

ನಮ್ಮ ಮಳೆಗಾಲದ ತೇವವನ್ನೂ ನೆನಪಿಡಿ. ಕೀ ಮುಚ್ಚಳಗಳು ಬಿಚ್ಚಲು ಬರುವಂತಿದ್ದರೆ ಧೂಳು, ಬೂಷ್ಟು ಒರೆಸಿ ತೆಗೆಯಬಹುದು. ಆನ್‌ಲೈನಲ್ಲಿ ತರಿಸುವುದಾದರೆ ವಾಪಸ್ ಕಳಿಸಲು ಎಷ್ಟು ದಿನ ಇದೆ ಅಂತ ಮೊದಲೇ ನೋಡಿ. ಆ ದಿನ ಮುಗಿಯುವ ತನಕ ಡಬ್ಬವನ್ನು ಅಟ್ಟಕ್ಕೆ ಹಾಕಬೇಡಿ.